ಅಡಿ ಇಲ್ಲದ ಬಲೆ

ಆಗಸ್ಟ್ ಮುಗಿಯಿತು. ಕೋರ್ಟಿನ ಪಾಚಿಗೆ
ಬ್ಲೀಚಿಂಗ್ ಪೌಡರ್ ಎರಚಿ, ಕಡ್ಡಿಹಿಡಿ ಹಿಡಿದು
ಮೂರು ದಿನ ತಿಕ್ಕಿದೆವು. ಆ ತುದಿಯಿಂದ ಹುಡುಗರ ತಂಡ,
ಈ ತುದಿಯಿಂದ ನಾವು.
ನಡುಗೆರೆ ಮೊದಲು ಮುಟ್ಟಿದ್ದು ನಾವೇ.
ಇದಕ್ಕೆ ಸ್ಕೋರ್ ಶೀಟಿನಲ್ಲಿ ಜಾಗವಿಲ್ಲ,
ಆದ್ದರಿಂದ ಇಲ್ಲಿ ಬರೆದಿದ್ದೇನೆ.

ಬರೆಯುವುದೇ ಈಗ ನನ್ನ ಕೆಲಸ.
ಕಳೆದ ಡಿಸೆಂಬರಿನಲ್ಲಿ, ಹಾರಿ ಇಳಿಯುವಾಗ,
ಮೊಣಕಾಲಿನೊಳಗೆ ಒಂದು ಸಣ್ಣ ಸದ್ದು:
ಮಾರ್ಕೆಟ್ಟಿನಲ್ಲಿ ಬೆಂಡೆಕಾಯಿಯ ತುದಿ ಮುರಿದು
ಎಳತೋ ಬಲಿತೋ ನೋಡುತ್ತಾರಲ್ಲ, ಅಷ್ಟೇ.
ಅಲ್ಲಿಂದ ಬೆಂಚು. ಬೆಂಚಿನಿಂದ ಮೇಜು, ಪೆನ್ಸಿಲು.
ನನ್ನ ಏಳನೇ ನಂಬರಿನ ಅಂಗಿ ಈಗ ಯಜ್ಞಿತಾಳ ಮೈಮೇಲೆ.
ಭುಜದಲ್ಲಿ ಚೂರು ದೊಡ್ಡದು.
ಹೇಳಿಲ್ಲ ನಾನು.

ರಿಂಗಿಗೆ ನೆಟ್ ಇರಲಿಲ್ಲ. ಉಪ್ಪುಗಾಳಿ ತಿಂದ ಕಬ್ಬಿಣಕ್ಕೆ
ನಾಲ್ಕು ನೂಲು ಜೋತುಬಿದ್ದಿದ್ದವು.
ಪೀಟಿ ಸರ್ ಆಫೀಸಿಗೆ ಬರೆದರು,
ಆಫೀಸು ಮೂರು ಕೊಟೇಶನ್ ಕೇಳಿತು.
ಅಷ್ಟರಲ್ಲಿ ಹರಿಣಾಕ್ಷಿ ಪುತ್ರನ್, ಬೆಂಗ್ರೆಯವಳು,
ಬೂಟು ಕೈಯಲ್ಲಿ ಹಿಡಿದು ದಿನಾ ಮೊದಲ ದೋಣಿಗೆ
ಹೊಳೆ ದಾಟಿ ಬರುವವಳು,
ರಿಂಗಿನ ಸುತ್ತಳತೆಯನ್ನು ತನ್ನ ಶಾಲಿನಲ್ಲಿ
ಗಂಟು ಹಾಕಿ ಮನೆಗೆ ಒಯ್ದಳು.

ರಜೆ ಮುಗಿದು ಬೋಟುಗಳು ಕಡಲಿಗಿಳಿದು ತಿಂಗಳಾಗಿತ್ತು.
ಅವರಿಗೂ ಅದು ಸೀಸನ್, ನಮಗೂ ಅದೇ ಮಾತು.
ಎರಡು ಟ್ರಿಪ್ಪಿನ ನಡುವೆ ಒಂದೇ ರಾತ್ರಿ ಮನೆಯಲ್ಲಿದ್ದ ಅವಳಪ್ಪ
ಹಸಿರು ನೈಲಾನು, ಬಲೆಸೂಜಿ ತೆಗೆದು ಕೂತರು.
ಹನ್ನೆರಡು ಕೊಕ್ಕೆಗೆ ಹನ್ನೆರಡು ಕಣ್ಣು.
ಹೆಣೆಯುತ್ತ ಹೆಣೆಯುತ್ತ ಕೆಳಗಿಳಿದಾಗ
ಕೈ ತಾನಾಗಿ ಬಲೆಯ ಅಡಿ ಕಟ್ಟಲು ಹೋಯಿತಂತೆ.
‘ಬೇಡ ಅಪ್ಪ, ಕಟ್ಬೇಡಿ.’
‘ಅಡಿಯೇ ಇಲ್ಲದ ಬಲೆಗೆ ಎಂತ ಮೀನು ಬೀಳ್ತದೆ ಮಾರಾಯ್ತಿ?’
‘ಬೀಳ್ತದೆ. ಬಿದ್ದು ಹೋಗ್ತದೆ. ಅದಕ್ಕೇ ಎರಡು ಪಾಯಿಂಟು.’
ಅವರು ಸೂಜಿ ಕೆಳಗಿಟ್ಟು ಸ್ವಲ್ಪ ಹೊತ್ತು ಯೋಚಿಸಿದರಂತೆ.
‘ಹಾಗಾದ್ರೆ ನಾನೂ ಸುಮಾರು ಗೆದ್ದಿರಬೇಕು.’

ನೆಟ್ಟಿಗೆ ಬಂಗುಡೆಯ ವಾಸನೆ ಇತ್ತು. ಹುಡುಗರು ಮೂಗು ಮುಚ್ಚಿ ನಕ್ಕರು.
ಮೂರನೇ ದಿನ ಅವರ ಕ್ಯಾಪ್ಟನ್ ಅಫ್ಹಾಮ್ ಬಂದು
ಶೂ ಲೇಸು ನೋಡುತ್ತ ಕೇಳಿದ, ‘ನಮ್ಮ ರಿಂಗಿಗೂ ಒಂದು?’
‘ಮಂಗಳವಾರ, ಶುಕ್ರವಾರ ಸಂಜೆ ಕೋರ್ಟು ನಮಗೆ,’
ಎಂದಳು ಹರಿಣಾಕ್ಷಿ. ಅವಳ ಅಮ್ಮ ಧಕ್ಕೆಯಲ್ಲಿ
ಇಪ್ಪತ್ತು ವರ್ಷ ಮೀನು ಏಲಂ ಕೂಗಿದವರು.
ಮೂರು ಅರ್ಜಿಗೆ ಅಲುಗದ ವೇಳಾಪಟ್ಟಿ
ಒಂದು ಉಸಿರಿನಲ್ಲಿ ಅಲುಗಿತು.

ಬರುವ ಗುರುವಾರ ಕೊಣಾಜೆಯಲ್ಲಿ ಮೊದಲ ಪಂದ್ಯ.
ಹೋದ ವರ್ಷ ಅಲ್ಲೇ ಅರವತ್ತೊಂದು, ಇಪ್ಪತ್ತಮೂರು.
ಇಪ್ಪತ್ತಮೂರು ನಮ್ಮದು.
ಕ್ಯಾಂಟೀನಿನ ಕಾಮತರು ಗೋಳಿಬಜೆ ಕಟ್ಟಿಕೊಡುತ್ತ
‘ಈ ಸಲ ಎಷ್ಟರಲ್ಲಿ?’ ಎನ್ನುತ್ತಾರೆ,
ಸೋಲು ಎಂಬ ಪದವನ್ನು ನುಂಗಿ, ಅಷ್ಟು ಒಳ್ಳೆಯವರು.
ಮಿಸ್ರಿಯಾ ಸ್ಕಾರ್ಫಿಗೆ ಐದನೇ ಪಿನ್ನು ಚುಚ್ಚಿಕೊಂಡು
ಎಡಗೈಯಲ್ಲಿ ಇನ್ನೂರು ಸಲ ಎಸೆಯುತ್ತಾಳೆ, ಎಣಿಸು ಎನ್ನುತ್ತಾಳೆ.
ಎಣಿಸುತ್ತೇನೆ. ನೂರ ಹನ್ನೊಂದು ಒಳಗೆ.
ನೂರ ಹನ್ನೆರಡು ಎಂದು ಸುಳ್ಳು ಹೇಳುತ್ತೇನೆ.

ಖಾಲಿ ಶೀಟುಗಳನ್ನು ಒಂದೊಂದಾಗಿ ತುಂಬಿಸಿಡುತ್ತಿದ್ದೇನೆ:
ತಂಡ, ತಾರೀಕು, ಹೆಸರು, ನಂಬರು.
ಏಳರ ಎದುರು ಪೆನ್ಸಿಲು ಪ್ರತಿಸಲ ನಿಲ್ಲುತ್ತದೆ.
ಅದಕ್ಕೆ ಬರೆಯಲು ಕಲಿಸಬೇಕು, ಮಗುವಿಗೆ ಕಲಿಸಿದ ಹಾಗೆ:
ಯ, ಜ್ಞಿ, ತಾ.

ನಿನ್ನೆ ಶುಕ್ರವಾರ. ನಮ್ಮ ಸಂಜೆ.
ಕರೆಂಟು ಹೋಯಿತು; ಯಾರೂ ಆಟ ನಿಲ್ಲಿಸಲಿಲ್ಲ.
ರಸ್ತೆಯಲ್ಲಿ ಸ್ಟೇಟ್‌ಬ್ಯಾಂಕಿಗೆ ಓಡುವ ಬಸ್ಸಿನ ಬೆಳಕು
ಒಮ್ಮೆ ಬೋರ್ಡಿಗೆ ಬಡಿದು ಹೋಯಿತು, ಅಷ್ಟೇ.
ಬೂಟುಗಳ ಕಿರುಚು, ‘ಇಲ್ಲಿ, ಇಲ್ಲಿ’, ಯಾರದೋ ಏದುಸಿರು.
ಆಮೇಲೆ ಆ ಸದ್ದು. ಅಂಗಡಿ ನೆಟ್ಟಿನದಲ್ಲ,
ಒದ್ದೆ ಬಲೆಯಿಂದ ಏನೋ ಜಾರಿ
ನೀರಿಗೆ ಮರಳಿದ ಹಾಗೆ, ಸರಕ್.

ಎಸೆದವಳು ಯಾರೆಂದು ಕಾಣಲಿಲ್ಲ.
ಎರಡು ಎಂದು ಬರೆದೆ.